ಸಿಹಿನೀರಿನ ಮೀನಿನ ಮೇಲೆ ರಾಸಾಯನಿಕದ ತೀಕ್ಷ್ಣ ವಿಷತ್ವ: 96 ಗಂಟೆಗಳ ಪರೀಕ್ಷೆಯನ್ನು ನಡೆಸುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ ವಿಭಾಗಗಳ ವಿದ್ಯಾರ್ಥಿಗಳಿಂದಲೂ ಅಧ್ಯಾಪಕರಿಂದಲೂ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. ಟೊಮೆಟೊ ತೋಟಕ್ಕೆ ಸಿಂಪಡಿಸುವ ಕೀಟನಾಶಕವೋ, ದ್ರಾಕ್ಷಿ ಬಳ್ಳಿಗೆ ಹೊಡೆಯುವ ಮೈಲುತುತ್ತವೋ, ಕಾರ್ಖಾನೆಯ ತೊಳೆನೀರಿನಲ್ಲಿರುವ ಲವಣವೋ ಮಳೆನೀರಿನೊಂದಿಗೆ ಕೆರೆ ಸೇರಿದರೆ ಎಷ್ಟು ಪ್ರಮಾಣದಲ್ಲಿ ಮೀನು ಸಾಯುತ್ತದೆ ಎಂಬುದನ್ನು ನಮ್ಮ ಪ್ರಯೋಗಾಲಯದಲ್ಲೇ ಅಳೆಯುವುದು ಹೇಗೆ ಎಂಬುದು ಆ ಪ್ರಶ್ನೆ. ಇಲ್ಲಿ ವಿವರಿಸುವ ಕ್ರಮವು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, ಪ್ರಕಟಿಸಿರುವ 203ನೇ ಪರೀಕ್ಷಾ ಮಾರ್ಗಸೂಚಿಯನ್ನು ಆಧರಿಸಿದೆ. ಇದರ 1992ರ ಆವೃತ್ತಿಯನ್ನೇ ಹಲವು ಕಡೆ ಇನ್ನೂ ನಕಲು ಪ್ರತಿಯಾಗಿ ಬಳಸುತ್ತಿದ್ದಾರೆ; 2019ರಲ್ಲಿ ಅದು ಪರಿಷ್ಕೃತವಾಗಿದೆ, ನೀವು ಆ ಪರಿಷ್ಕೃತ ಪ್ರತಿಯನ್ನೇ ಮುಂದಿಟ್ಟುಕೊಳ್ಳಿ.

ಮೊದಲು ಎರಡು ಪದಗಳ ಅರ್ಥ ತಿಳಿಯಬೇಕು. ತೀಕ್ಷ್ಣ ವಿಷತ್ವ ಎಂದರೆ ಅಲ್ಪಾವಧಿಯಲ್ಲಿ, ಇಲ್ಲಿ ನಾಲ್ಕು ದಿನಗಳೊಳಗೆ, ಕಾಣಿಸಿಕೊಳ್ಳುವ ಹಾನಿ. ಎಲ್‌ಸಿ50 ಎಂದರೆ ಪರೀಕ್ಷೆಗೆ ಒಳಪಡಿಸಿದ ಮೀನುಗಳಲ್ಲಿ ಅರ್ಧದಷ್ಟು ಸಾಯಲು ಕಾರಣವಾಗುವ ಸಾಂದ್ರತೆ; ಅದನ್ನು ಸಾಮಾನ್ಯವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು, ಅವಧಿಯನ್ನೂ ಸೇರಿಸಿ ಹೇಳುತ್ತಾರೆ. ಅವಧಿಯನ್ನು ಹೇಳದ ಎಲ್‌ಸಿ50ಗೆ ಬೆಲೆಯಿಲ್ಲ. ಈ ಸಂಖ್ಯೆ ಕಡಿಮೆಯಾದಷ್ಟೂ ರಾಸಾಯನಿಕ ಹೆಚ್ಚು ವಿಷಕಾರಿ ಎಂಬುದನ್ನು ತಲೆಕೆಳಗಾಗಿ ಓದುವವರು ಈಗಲೂ ಇದ್ದಾರೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ನಮ್ಮ ಭಾಗದಲ್ಲಿ ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ರಾಸಾಯನಿಕದ ಲೆಕ್ಕದಲ್ಲಿ ಅಲ್ಲ, ನೀರಿನಲ್ಲಿ. ಆದ್ದರಿಂದ ಕೆಳಗೆ ನೀರಿನ ಬಗ್ಗೆ ಉದ್ದವಾಗಿಯೂ ಉಳಿದ ಕೆಲವು ವಿಷಯಗಳ ಬಗ್ಗೆ ಚಿಕ್ಕದಾಗಿಯೂ ಬರೆದಿದ್ದೇನೆ.

ಹಂತ 1: ಪರೀಕ್ಷೆ ಬೇಕೇ ಎಂದು ನಿರ್ಧರಿಸಿ, ಅನುಮತಿ ಪಡೆಯಿರಿ

ಮೀನು ಕಶೇರುಕ, ಅಂದರೆ ಬೆನ್ನುಮೂಳೆಯುಳ್ಳ ಪ್ರಾಣಿ. ಅದರ ಮೇಲಿನ ಪ್ರಯೋಗವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ರಚಿತವಾದ ಸಮಿತಿಯ ನಿಯಂತ್ರಣಕ್ಕೆ ಬರುತ್ತದೆ. ಹಿಂದೆ ಸಿಪಿಸಿಎಸ್‌ಇಎ ಎಂದು ಕರೆಯುತ್ತಿದ್ದ ಈ ಸಮಿತಿಯನ್ನು ಈಗ ಸಿಸಿಎಸ್‌ಇಎ ಎನ್ನುತ್ತಾರೆ. ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಲಿಖಿತ ಒಪ್ಪಿಗೆ ಕೈಗೆ ಬರುವ ಮುನ್ನ ಮೀನು ತರಬೇಡಿ. ಒಪ್ಪಿಗೆಯ ಅರ್ಜಿಯಲ್ಲಿ ಎಷ್ಟು ಮೀನು, ಯಾವ ಜಾತಿ, ಏಕೆ ಬೇರೆ ದಾರಿಯಿಲ್ಲ ಎಂಬುದನ್ನು ಬರೆಯಬೇಕಾಗುತ್ತದೆ; ಆ ಕೊನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಗದಿದ್ದರೆ ಪರೀಕ್ಷೆಯನ್ನು ಕೈಬಿಡುವುದೇ ಸರಿ. ಸುಪರಿಚಿತ ಕೀಟನಾಶಕಗಳಿಗೆ ಹಲವು ಜಾತಿಯ ಮೀನುಗಳ ಎಲ್‌ಸಿ50 ಈಗಾಗಲೇ ಪ್ರಕಟವಾಗಿದೆ. ಅದೇ ರಾಸಾಯನಿಕ, ಅದೇ ಮೀನು, ಅದೇ ಬಗೆಯ ನೀರಿನಲ್ಲಿ ಮತ್ತೊಮ್ಮೆ ಮಾಡಿದ ಪರೀಕ್ಷೆಯಿಂದ ಪ್ರಬಂಧದ ಪುಟಗಳು ಹೆಚ್ಚುತ್ತವೆಯೇ ಹೊರತು ತಿಳಿವಳಿಕೆ ಹೆಚ್ಚುವುದಿಲ್ಲ. ತರಗತಿಯ ಪ್ರಾತ್ಯಕ್ಷಿಕೆಗಾಗಿ ಮೀನು ಕೊಲ್ಲುವುದನ್ನಂತೂ ನಾನು ಒಪ್ಪುವುದಿಲ್ಲ.

ಪರ್ಯಾಯಗಳೂ ಇವೆ. ಜೀಬ್ರಾ ಮೀನಿನ ಭ್ರೂಣಗಳನ್ನು ಬಳಸುವ ಒಇಸಿಡಿ 236ನೇ ಮಾರ್ಗಸೂಚಿ 2013ರಿಂದ ಲಭ್ಯವಿದೆ. ನೀರಿನ ಸಣ್ಣ ಕಠಿಣಚರ್ಮಿ ಡ್ಯಾಫ್ನಿಯಾ ಮೇಲಿನ 48 ಗಂಟೆಗಳ ಪರೀಕ್ಷೆ ಅಗ್ಗವೂ ಹೌದು, ಅನೇಕ ಕೀಟನಾಶಕಗಳಿಗೆ ಮೀನಿಗಿಂತ ಸೂಕ್ಷ್ಮವೂ ಹೌದು. ಪಾಚಿ ಮತ್ತು ಡ್ಯಾಫ್ನಿಯಾ ಪರೀಕ್ಷೆಗಳನ್ನು ಮೊದಲು ಮುಗಿಸಿ, ಅವುಗಳಲ್ಲಿ ದೊರೆತ ಅತಿ ಕಡಿಮೆ ಸಾಂದ್ರತೆಯೊಂದರಲ್ಲಿ ಮಾತ್ರ ಮೀನನ್ನು ಪರೀಕ್ಷಿಸುವ ಕ್ರಮವೂ ಇದೆ. ಆ ಸಾಂದ್ರತೆಯಲ್ಲಿ ಮೀನು ಸಾಯದಿದ್ದರೆ ಪೂರ್ಣ ಪರೀಕ್ಷೆಯ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕೀಟನಾಶಕ ನೋಂದಣಿಗೆ ಬೇಕಾಗುವ ದತ್ತಾಂಶವು ಉತ್ತಮ ಪ್ರಯೋಗಾಲಯ ಪದ್ಧತಿ, ಅಂದರೆ ಜಿಎಲ್‌ಪಿ, ಪ್ರಮಾಣಪತ್ರವುಳ್ಳ ಪ್ರಯೋಗಾಲಯದಿಂದ ಬರಬೇಕೆಂಬ ನಿರೀಕ್ಷೆಯಿದೆ. ಕಾಲೇಜಿನ ಫಲಿತಾಂಶ ಸಂಶೋಧನೆಗೆ ಸಾಕು, ಆ ಕೆಲಸಕ್ಕೆ ಸಾಲದು. ಕಾರ್ಖಾನೆಯ ತ್ಯಾಜ್ಯನೀರಿನ ಪ್ರಶ್ನೆಯಾದರೆ ಅದು ಬೇರೆಯೇ ಪರೀಕ್ಷೆ: 1986ರ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ಬೆರಕೆಯಿಲ್ಲದ ತ್ಯಾಜ್ಯನೀರಿನಲ್ಲಿ 96 ಗಂಟೆಗಳ ನಂತರ ಶೇ 90ರಷ್ಟು ಮೀನು ಬದುಕಿರಬೇಕು. ಅಲ್ಲಿ ಎಲ್‌ಸಿ50 ಕೇಳುವುದಿಲ್ಲ, ಪಾಸು ಅಥವಾ ಫೇಲು ಅಷ್ಟೇ.

ಹಂತ 2: ಮೀನನ್ನು ಆರಿಸಿ, ಒಗ್ಗಿಸಿ

ಮಾರ್ಗಸೂಚಿ ಒಪ್ಪುವ ಜಾತಿಗಳಲ್ಲಿ ನಮಗೆ ಸುಲಭವಾಗಿ ಸಿಗುವವು ಮೂರು: ಜೀಬ್ರಾ ಮೀನು, ಗಪ್ಪಿ ಮತ್ತು ಸಾಮಾನ್ಯ ಗೆಂಡೆ. ಕಾಟ್ಲಾ, ರೋಹು ಮರಿಗಳ ಮೇಲೂ ನಮ್ಮ ದೇಶದಲ್ಲಿ ಬಹಳಷ್ಟು ಕೆಲಸ ನಡೆದಿದೆ, ಕೆರೆಯ ದೃಷ್ಟಿಯಿಂದ ಅವು ಹೆಚ್ಚು ಪ್ರಸ್ತುತವೂ ಹೌದು. ಆದರೆ ಹೊರಗಿನ ಫಲಿತಾಂಶಗಳ ಜೊತೆ ಹೋಲಿಸಬೇಕಾದರೆ ಮಾರ್ಗಸೂಚಿಯ ಜಾತಿಯೇ ಲೇಸು. ಯಾವುದನ್ನು ಆರಿಸಿದರೂ ಎಲ್ಲ ಮೀನುಗಳೂ ಒಂದೇ ಮೂಲದವು, ಒಂದೇ ವಯಸ್ಸಿನವು, ಹೆಚ್ಚುಕಡಿಮೆ ಒಂದೇ ಗಾತ್ರದವು ಆಗಿರಬೇಕು.

ಕೆರೆಯಿಂದ ಬಲೆ ಹಾಕಿ ಹಿಡಿದ ಮೀನು ಬೇಡ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳಿಗೂ, ಬಳಿಕ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಡಿ ಚಿಕ್ಕಬಳ್ಳಾಪುರದ ಕೆರೆಗಳಿಗೂ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಬರುತ್ತಿದೆ. ಅಲ್ಲಿನ ಮೀನು ಈಗಾಗಲೇ ಯಾವ ಯಾವ ವಸ್ತುಗಳಿಗೆ ಒಡ್ಡಿಕೊಂಡಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸೊಳ್ಳೆ ಲಾರ್ವಾ ನಿಯಂತ್ರಣಕ್ಕೆಂದು ತೊಟ್ಟಿಗಳಲ್ಲಿ ಸಾಕಿದ ಗಪ್ಪಿಗಳಿಗೂ ಇದೇ ಮಾತು ಸಲ್ಲುತ್ತದೆ. ಇತಿಹಾಸ ತಿಳಿದಿರುವ ಮೀನುಮರಿ ಪಾಲನಾ ಕೇಂದ್ರದಿಂದಲೇ ತನ್ನಿ, ಔಷಧೋಪಚಾರ ಮಾಡಿದ್ದರೆ ಅದರ ವಿವರ ಕೇಳಿ ಬರೆದುಕೊಳ್ಳಿ.

ತಂದ ಮೀನನ್ನು ಪರೀಕ್ಷೆಗೆ ಬಳಸುವ ನೀರಿನಲ್ಲೇ, ಅದೇ ತಾಪಮಾನದಲ್ಲಿ, ಪರೀಕ್ಷೆಗೆ ಮುಂಚಿನ ಕನಿಷ್ಠ 7 ದಿನ ಇರಿಸಬೇಕು. ಮೊದಲ 48 ಗಂಟೆಗಳನ್ನು ಪ್ರಯಾಣದ ಆಯಾಸಕ್ಕೆ ಬಿಟ್ಟು, ನಂತರದ ಏಳು ದಿನಗಳ ಸಾವನ್ನು ಎಣಿಸಿ. ಶೇ 5ಕ್ಕಿಂತ ಕಡಿಮೆ ಸತ್ತಿದ್ದರೆ ತಂಡ ಯೋಗ್ಯ. ಶೇ 5ರಿಂದ 10ರ ನಡುವೆ ಇದ್ದರೆ ಇನ್ನೂ ಏಳು ದಿನ ಕಾಯಿರಿ. ಶೇ 10 ಮೀರಿದರೆ ಇಡೀ ತಂಡವನ್ನು ಕೈಬಿಡಿ. ‘ಉಳಿದವು ಗಟ್ಟಿಮುಟ್ಟಾಗಿವೆಯಲ್ಲ’ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ, ಏಕೆಂದರೆ ನೀವು ಅಳೆಯಹೊರಟಿರುವುದು ಸಾಮಾನ್ಯ ಮೀನಿನ ಸಹನೆಯನ್ನು, ರೋಗದಿಂದ ಪಾರಾದ ಮೀನಿನದನ್ನಲ್ಲ. ಪರೀಕ್ಷೆಗೆ 24 ಗಂಟೆ ಮೊದಲು ಆಹಾರ ನಿಲ್ಲಿಸಿ. ಪರೀಕ್ಷೆಯ ಉದ್ದಕ್ಕೂ ಆಹಾರ ಹಾಕಬಾರದು.

ಹಂತ 3: ನೀರು

ನಮ್ಮ ಮೂರೂ ಜಿಲ್ಲೆಗಳಲ್ಲಿ ಪ್ರಯೋಗಾಲಯದ ನಲ್ಲಿಗೆ ಬರುವುದು ಬಹುತೇಕ ಕೊಳವೆಬಾವಿಯ ನೀರು. ಅದು ಗಡಸು ನೀರು, ಹಲವೆಡೆ ಫ್ಲೋರೈಡೂ ಉಂಟು. ಗಡಸುತನ ಎಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳ ಒಟ್ಟು ಪ್ರಮಾಣ. ಅದನ್ನು ಕ್ಯಾಲ್ಸಿಯಂ ಕಾರ್ಬೋನೇಟಿನ ಲೆಕ್ಕದಲ್ಲಿ ಹೇಳುವುದು ರೂಢಿ. ಪರೀಕ್ಷೆಗೆ ಲೀಟರಿಗೆ 10ರಿಂದ 250 ಮಿಲಿಗ್ರಾಂ ಗಡಸುತನವೂ 6ರಿಂದ 8.5ರ ಒಳಗಿನ ಪಿಎಚ್ ಮಟ್ಟವೂ ಇರುವ ನೀರು ಸೂಕ್ತ. ನಮ್ಮ ಕೊಳವೆಬಾವಿಗಳಲ್ಲಿ ಗಡಸುತನ 300 ದಾಟುವುದು ಅಪರೂಪವೇನಲ್ಲ.

ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಮೈಲುತುತ್ತವನ್ನೇ, ಅಂದರೆ ತಾಮ್ರದ ಸಲ್ಫೇಟನ್ನೇ, ಉದಾಹರಣೆಗೆ ತೆಗೆದುಕೊಳ್ಳಿ. ಕರಗಿದ ತಾಮ್ರದ ಅಯಾನುಗಳು ಮೀನಿನ ಕಿವಿರಿಗೆ ಅಂಟಿಕೊಂಡು, ಸೋಡಿಯಂ ಒಳಸೇರುವ ದಾರಿಯನ್ನು ತಡೆಯುತ್ತವೆ. ದೇಹದ ಲವಣ ಸಮತೋಲನ ತಪ್ಪಿ ಮೀನು ಸಾಯುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತದೆ, ಜೊತೆಗಿರುವ ಕಾರ್ಬೋನೇಟುಗಳು ತಾಮ್ರದ ಒಂದು ಭಾಗವನ್ನು ಕಟ್ಟಿಹಾಕುತ್ತವೆ. ಹೀಗಾಗಿ ಬೇಸಿಗೆಯ ಕೊಳವೆಬಾವಿ ನೀರಿನಲ್ಲಿ ಪರೀಕ್ಷಿಸಿದವರಿಗೆ ತಾಮ್ರ ಅಷ್ಟೇನೂ ವಿಷವಲ್ಲ ಎಂದು ತೋರುತ್ತದೆ. ಆದರೆ ದ್ರಾಕ್ಷಿ ತೋಟದ ತಾಮ್ರ ಕೆರೆಗೆ ಹರಿದುಬರುವುದು ಮಳೆಗಾಲದಲ್ಲಿ. ಆಗ ಕೆರೆಯಲ್ಲಿರುವುದು ಮೆದು ನೀರು, ಅದರಲ್ಲಿ ಅದೇ ತಾಮ್ರ ಹೆಚ್ಚು ಅಪಾಯಕಾರಿ. ಗಡಸುತನವನ್ನು ಅಳೆದು ಬರೆಯದ ಲೋಹ ವಿಷತ್ವದ ಫಲಿತಾಂಶವನ್ನು ನಾನು ಓದುವುದೇ ಇಲ್ಲ.

ಸುರಕ್ಷಿತ ದಾರಿಯೆಂದರೆ ಲವಣಗಳನ್ನು ಸೇರಿಸಿ ನೀರನ್ನು ನೀವೇ ತಯಾರಿಸುವುದು. ಇದಕ್ಕೆ ಪುನರ್ರಚಿತ ನೀರು ಎನ್ನೋಣ. ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 10 ಮೈಕ್ರೋಸೀಮೆನ್ಸ್ ಮೀರದ ಬಟ್ಟಿಯಿಳಿಸಿದ ಅಥವಾ ಅಯಾನುರಹಿತ ನೀರಿನಲ್ಲಿ ನಾಲ್ಕು ಮೂಲ ದ್ರಾವಣಗಳನ್ನು ಪ್ರತ್ಯೇಕವಾಗಿ ಸಿದ್ಧಪಡಿಸಿ:

ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್, ಲೀಟರಿಗೆ 11.76 ಗ್ರಾಂ;
ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್, ಲೀಟರಿಗೆ 4.93 ಗ್ರಾಂ;
ಸೋಡಿಯಂ ಬೈಕಾರ್ಬೋನೇಟ್, ಲೀಟರಿಗೆ 2.59 ಗ್ರಾಂ;
ಪೊಟ್ಯಾಸಿಯಂ ಕ್ಲೋರೈಡ್, ಲೀಟರಿಗೆ 0.23 ಗ್ರಾಂ.

ಪ್ರತಿಯೊಂದರಿಂದ 25 ಮಿಲಿಲೀಟರ್ ತೆಗೆದು ಒಟ್ಟು ಒಂದು ಲೀಟರಿಗೆ ತುಂಬಿಸಿದರೆ, ಗಡಸುತನ ಲೀಟರಿಗೆ 250 ಮಿಲಿಗ್ರಾಂ ಇರುವ ನೀರು ದೊರೆಯುತ್ತದೆ. ಕ್ಯಾಲ್ಸಿಯಂ ಲವಣದ ಬಾಟಲಿಯ ಮೇಲೆ ‘ಡೈಹೈಡ್ರೇಟ್’ ಎಂದಿದೆಯೋ ‘ಅನ್‌ಹೈಡ್ರಸ್’ ಎಂದಿದೆಯೋ ನೋಡಿಯೇ ತೂಗಿ. ನೀರಿನ ಅಣುಗಳಿಲ್ಲದ ಅನ್‌ಹೈಡ್ರಸ್ ಲವಣವನ್ನು ಅಷ್ಟೇ ತೂಕ ಹಾಕಿದರೆ ಕ್ಯಾಲ್ಸಿಯಂ ಸುಮಾರು ಮೂರನೇ ಒಂದರಷ್ಟು ಹೆಚ್ಚಾಗುತ್ತದೆ. ಸಿದ್ಧವಾದ ನೀರಿಗೆ ಆಮ್ಲಜನಕ ಪರ್ಯಾಪ್ತವಾಗುವವರೆಗೆ, ಅಂದರೆ ಇನ್ನು ಹೆಚ್ಚು ಕರಗದಷ್ಟಾಗುವವರೆಗೆ, ಗಾಳಿ ಹಾಯಿಸಿ, ಎರಡು ದಿನ ಹಾಗೆಯೇ ಬಿಟ್ಟು ಬಳಿಕ ಬಳಸಿ. ಮೆದು ನೀರಿನಲ್ಲಿ ಪರೀಕ್ಷೆ ಬೇಕಿದ್ದರೆ ನಾಲ್ಕೂ ದ್ರಾವಣಗಳನ್ನು ಒಂದೇ ಅನುಪಾತದಲ್ಲಿ ತಗ್ಗಿಸಬಹುದು, ಆದರೆ ಮೀನನ್ನು ಒಗ್ಗಿಸುವುದೂ ಅದೇ ಮೆದು ನೀರಿನಲ್ಲಿ ಆಗಬೇಕು.

ಪ್ರಮಾಣವನ್ನು ಮೊದಲೇ ಲೆಕ್ಕ ಹಾಕಿ. ತಲಾ 10 ಲೀಟರಿನ 6 ತೊಟ್ಟಿಗಳಿಗೆ ಒಂದು ಬಾರಿಗೆ 60 ಲೀಟರ್ ಬೇಕು; ದಿನಕ್ಕೊಮ್ಮೆ ನೀರು ಬದಲಿಸುವುದಾದರೆ ನಾಲ್ಕು ಭರ್ತಿಗೆ 240 ಲೀಟರ್, ಅಂದರೆ ಪ್ರತಿ ಮೂಲ ದ್ರಾವಣವೂ 6 ಲೀಟರ್. ಒಗ್ಗಿಸುವ ತೊಟ್ಟಿಯ ನೀರು ಇದರ ಮೇಲೆ. ಬಟ್ಟಿಯಿಳಿಸಿದ ನೀರು ಅಷ್ಟು ಸಿಗುವುದಿಲ್ಲವೆಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ತಂದು ನೇರವಾಗಿ ಮೀನು ಬಿಡುವವರಿದ್ದಾರೆ. ಆ ನೀರಿನಲ್ಲಿ ಲವಣ ತೀರ ಕಡಿಮೆ, ವಾಹಕತೆ ದಿನದಿಂದ ದಿನಕ್ಕೆ ಬೇರೆ. ಅಳೆದು, ಮಿತಿಯೊಳಗಿದ್ದರೆ ಮಾತ್ರ, ಲವಣ ಸೇರಿಸಿ ಬಳಸಬಹುದು.

ನಗರಸಭೆಯ ನಲ್ಲಿ ನೀರಾದರೆ ಕ್ಲೋರಿನ್ ಹೋಗಿರಬೇಕು. ಉಳಿಕೆ ಕ್ಲೋರಿನ್ ಲೀಟರಿಗೆ 0.01 ಮಿಲಿಗ್ರಾಂ ಮಟ್ಟದಲ್ಲೇ ನಿಲ್ಲಬೇಕು ಎಂಬಷ್ಟು ಮೀನು ಅದಕ್ಕೆ ಸೂಕ್ಷ್ಮ. ಹೊಸ ಜಿಐ ಪೈಪಿನಿಂದ ಬರುವ ಸತು, ಹಿತ್ತಾಳೆ ನಲ್ಲಿಯ ತಾಮ್ರ ಇವೂ ಕಣ್ಣಿಗೆ ಕಾಣದ ಶತ್ರುಗಳು. ನೀರು ಹಾಯುವ ದಾರಿಯಲ್ಲಿ ಲೋಹ ಇಲ್ಲದಂತೆ ನೋಡಿಕೊಳ್ಳಿ.

ಕರಗಿದ ಆಮ್ಲಜನಕದ ಬಗ್ಗೆ ನಮ್ಮ ಎತ್ತರಕ್ಕೆ ಸಂಬಂಧಿಸಿದ ಒಂದು ಮಾತು. ಅದು ಗಾಳಿಯ ಪರ್ಯಾಪ್ತ ಮಟ್ಟದ ಶೇ 60ಕ್ಕಿಂತ ಕೆಳಗಿಳಿಯಬಾರದು ಎಂಬುದು ನಿಯಮ. ಪಠ್ಯಪುಸ್ತಕದ ಕೋಷ್ಟಕ ಸಮುದ್ರಮಟ್ಟದ್ದು. 23 ಡಿಗ್ರಿಯಲ್ಲಿ ಅಲ್ಲಿ ಪರ್ಯಾಪ್ತ ಮಟ್ಟ ಲೀಟರಿಗೆ ಸುಮಾರು 8.6 ಮಿಲಿಗ್ರಾಂ. ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದ ನಮ್ಮ ಊರುಗಳಲ್ಲಿ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದರಷ್ಟು ಕಡಿಮೆಯಿರುವುದರಿಂದ ಅದು ಸುಮಾರು 7.7ಕ್ಕೆ ಇಳಿಯುತ್ತದೆ, ಶೇ 60 ಎಂದರೆ ಸುಮಾರು 4.6. ಮಾಪಕ 7.7 ತೋರಿಸಿದಾಗ ಅದು ಕೆಟ್ಟಿದೆ ಎಂದು ಭಾವಿಸಬೇಡಿ.

ಹಂತ 4: ತೊಟ್ಟಿ ಮತ್ತು ಕೊಠಡಿ

ಗಾಜಿನ ತೊಟ್ಟಿಗಳೇ ಆಗಬೇಕು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್‌ನಂತಹ ಪೈರೆಥ್ರಾಯ್ಡ್ ಕೀಟನಾಶಕಗಳು ಪ್ಲಾಸ್ಟಿಕ್ಕಿಗೆ ಬೇಗ ಅಂಟಿಕೊಂಡು ನೀರಿನಿಂದ ಮಾಯವಾಗುತ್ತವೆ. ಗಾಜಿಗೂ ಸ್ವಲ್ಪ ಅಂಟುತ್ತವೆ.

ಒಂದು ಲೀಟರ್ ನೀರಿಗೆ 0.8 ಗ್ರಾಂಗಿಂತ ಹೆಚ್ಚು ಮೀನಿನ ತೂಕ ಇರಬಾರದು. ತಲಾ 1 ಗ್ರಾಂ ತೂಗುವ 7 ಗೆಂಡೆ ಮರಿಗಳಿಗೆ ಹಾಗಾದರೆ ಕನಿಷ್ಠ 9 ಲೀಟರ್ ಬೇಕು. ಬೆರಳುದ್ದದ, 3 ಗ್ರಾಂ ತೂಕದ ಮರಿಗಳನ್ನು ತಂದರೆ ಅದೇ 7 ಮೀನಿಗೆ 26 ಲೀಟರಿಗೂ ಮಿಕ್ಕಿ ಬೇಕಾಗುತ್ತದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಮೀನು ಸಾಯುವುದು ಆಮ್ಲಜನಕದ ಕೊರತೆಯಿಂದ ಮತ್ತು ತನ್ನದೇ ಅಮೋನಿಯಾದಿಂದ, ನಿಮ್ಮ ರಾಸಾಯನಿಕದಿಂದಲ್ಲ.

ಜೀಬ್ರಾ ಮೀನು ಮತ್ತು ಗಪ್ಪಿಗೆ 21ರಿಂದ 25 ಡಿಗ್ರಿ ಸೆಲ್ಸಿಯಸ್, ಸಾಮಾನ್ಯ ಗೆಂಡೆಗೆ 20ರಿಂದ 24. ಪರೀಕ್ಷೆಯ ಉದ್ದಕ್ಕೂ ಏರಿಳಿತ 2 ಡಿಗ್ರಿಯೊಳಗೆ ಇರಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್, ಏಪ್ರಿಲಿನಲ್ಲಿ ಹವಾನಿಯಂತ್ರಣ ಇಲ್ಲದೆ ಇದು ಸಾಧ್ಯವಿಲ್ಲ. ಬೆಳಕು ದಿನಕ್ಕೆ 12ರಿಂದ 16 ಗಂಟೆ. ಕರೆಂಟು ಹೋಗುವುದನ್ನು ಅಪವಾದವೆಂದು ತಿಳಿಯದೆ, ಅದು ಹೋಗಿಯೇ ಹೋಗುತ್ತದೆ ಎಂದುಕೊಂಡು ಯುಪಿಎಸ್ ವ್ಯವಸ್ಥೆ ಮಾಡಿ.

ಹಂತ 5: ಸಾಂದ್ರತೆಗಳನ್ನು ಗೊತ್ತುಮಾಡಿ

ಮೊದಲು ಪ್ರಕಟಿತ ಮಾಹಿತಿ ನೋಡಿ. ಏನೂ ತಿಳಿಯದಿದ್ದರೆ ಮಾತ್ರ ಹತ್ತುಪಟ್ಟು ಅಂತರದ, ಉದಾಹರಣೆಗೆ ಲೀಟರಿಗೆ 0.1, 1, 10, 100 ಮಿಲಿಗ್ರಾಂ, ಸಾಂದ್ರತೆಗಳಲ್ಲಿ ಎರಡು ಮೂರು ಮೀನುಗಳನ್ನಿಟ್ಟು ವ್ಯಾಪ್ತಿ ಕಂಡುಕೊಳ್ಳಿ. ರಾಸಾಯನಿಕ ಅಷ್ಟೇನೂ ವಿಷಕಾರಿಯಲ್ಲ ಎಂಬ ಸೂಚನೆಯಿದ್ದರೆ ಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆಯೊಂದರಲ್ಲೇ ಮಿತಿ ಪರೀಕ್ಷೆ ಮಾಡಬಹುದು. ಅಲ್ಲಿ ಸಾವು ಕಾಣದಿದ್ದರೆ ಎಲ್‌ಸಿ50 ಅದಕ್ಕಿಂತ ಹೆಚ್ಚು ಎಂದು ಬರೆದು ಮುಗಿಸಬಹುದು.

ನಿಜವಾದ ಪರೀಕ್ಷೆಗೆ ಕನಿಷ್ಠ ಐದು ಸಾಂದ್ರತೆಗಳು ಬೇಕು. ಅವು ಗುಣೋತ್ತರ ಶ್ರೇಣಿಯಲ್ಲಿರಬೇಕು, ಅಂದರೆ ಪ್ರತಿಯೊಂದೂ ಹಿಂದಿನದರ ಇಂತಿಷ್ಟು ಪಟ್ಟು ಆಗಿರಬೇಕು. ಆ ಪಟ್ಟು 2.2 ಮೀರಬಾರದು. 1, 2, 4, 8, 16 ಒಳ್ಳೆಯ ಶ್ರೇಣಿ. 2, 4, 6, 8, 10 ಅಲ್ಲ. ಪ್ರತಿ ಸಾಂದ್ರತೆಗೆ ಕನಿಷ್ಠ 7 ಮೀನು, ರಾಸಾಯನಿಕವಿಲ್ಲದ ನಿಯಂತ್ರಣ ತೊಟ್ಟಿಗೆ 7, ಒಟ್ಟು 42. ನೀರಿನಲ್ಲಿ ಕರಗದ ವಸ್ತುವಿಗೆ ಅಸಿಟೋನಿನಂತಹ ದ್ರಾವಕ ಬಳಸಿದರೆ ದ್ರಾವಕ ಮಾತ್ರವಿರುವ ಇನ್ನೊಂದು ನಿಯಂತ್ರಣ ತೊಟ್ಟಿ ಬೇಕು, ಆಗ 49. ದ್ರಾವಕ ಲೀಟರಿಗೆ 0.1 ಮಿಲಿಲೀಟರ್ ಮೀರದಿರಲಿ, ಮತ್ತು ಎಲ್ಲ ತೊಟ್ಟಿಗಳಲ್ಲೂ ಅದರ ಪ್ರಮಾಣ ಒಂದೇ ಇರಲಿ.

ಅತಿ ಹೆಚ್ಚು ತಪ್ಪು ನಡೆಯುವುದು ಏನನ್ನು ತೂಗಿದ್ದೇವೆ ಎಂಬಲ್ಲಿ. ಅಂಗಡಿಯಲ್ಲಿ ಸಿಗುವ ಕ್ಲೋರ್‌ಪೈರಿಫಾಸ್ 20 ಇಸಿ ಎಂಬುದರಲ್ಲಿ ಕೀಟನಾಶಕ ಶೇ 20 ಮಾತ್ರ. ಉಳಿದದ್ದು ದ್ರಾವಕ ಮತ್ತು ನೀರಿನಲ್ಲಿ ಹಾಲಿನಂತೆ ಬೆರೆಯಿಸುವ ಪದಾರ್ಥ. ಅವೂ ಮೀನಿಗೆ ವಿಷವಾಗಬಲ್ಲವು. ಆದ್ದರಿಂದ ಪರೀಕ್ಷಿಸಿದ್ದು ಶುದ್ಧ ಕೀಟನಾಶಕವನ್ನೋ ಮಾರಾಟದ ತಯಾರಿಕೆಯನ್ನೋ, ಸಂಖ್ಯೆ ಯಾವುದರ ಲೆಕ್ಕದಲ್ಲಿದೆ ಎಂಬುದನ್ನು ಶೀರ್ಷಿಕೆಯಲ್ಲೇ ಹೇಳಿ. ಮೈಲುತುತ್ತದಲ್ಲೂ ಹಾಗೆಯೇ: ಐದು ನೀರಿನ ಅಣುಗಳಿರುವ ಆ ಹರಳಿನಲ್ಲಿ ತಾಮ್ರ ಸುಮಾರು ಶೇ 25 ಮಾತ್ರ. ಲವಣದ ಲೆಕ್ಕದಲ್ಲಿ 1 ಎಂದದ್ದು ತಾಮ್ರದ ಲೆಕ್ಕದಲ್ಲಿ 0.25. ಈ ನಾಲ್ಕುಪಟ್ಟು ಗೊಂದಲ ಎಷ್ಟೋ ಪ್ರಬಂಧಗಳ ಹೋಲಿಕೆ ಕೋಷ್ಟಕಗಳಲ್ಲಿ ಕುಳಿತಿದೆ.

ದ್ರಾವಣದ ಲೆಕ್ಕ ಸರಳ. ಲೀಟರಿಗೆ 1 ಗ್ರಾಂ ಇರುವ ಮೂಲ ದ್ರಾವಣದ 40 ಮಿಲಿಲೀಟರನ್ನು 10 ಲೀಟರಿನ ತೊಟ್ಟಿಗೆ ಹಾಕಿದರೆ ಲೀಟರಿಗೆ 4 ಮಿಲಿಗ್ರಾಂ ಆಗುತ್ತದೆ. ಮೊದಲು ರಾಸಾಯನಿಕ ಬೆರೆಸಿ, ಕಲಕಿ, ಆಮೇಲೆ ಮೀನು ಬಿಡಬೇಕು. ಮೀನಿರುವ ತೊಟ್ಟಿಗೆ ಪಿಪೆಟ್ಟಿನಿಂದ ಸುರಿದರೆ ಆ ಮೂಲೆಯಲ್ಲಿದ್ದ ಮೀನಿಗೆ ಕ್ಷಣಕಾಲ ಬೇಕಾದ್ದಕ್ಕಿಂತ ನೂರಾರು ಪಟ್ಟು ಸಾಂದ್ರತೆ ತಗಲುತ್ತದೆ.

ಹಂತ 6: ಮೀನು ಬಿಡುವುದು

ಯಾವ ತೊಟ್ಟಿಗೆ ಯಾವ ಸಾಂದ್ರತೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕಿಟಕಿಯಿಂದ ಬಾಗಿಲಿನ ಕಡೆಗೆ ಏರುಕ್ರಮದಲ್ಲಿ ಜೋಡಿಸಿದರೆ ಬಿಸಿಲಿನ ವ್ಯತ್ಯಾಸವೂ ಅದೇ ಕ್ರಮದಲ್ಲಿ ಸೇರಿಕೊಳ್ಳುತ್ತದೆ. ಮೀನನ್ನು ಹಿಡಿಯುವಾಗಲೂ ಗಮನವಿರಲಿ: ಬಲೆಗೆ ಮೊದಲು ಸಿಗುವವು ನಿಧಾನವಾಗಿ ಈಜುವ, ದುರ್ಬಲ ಮೀನುಗಳು. ಮೊದಲ ಏಳನ್ನು ಮೊದಲ ತೊಟ್ಟಿಗೆ, ಮುಂದಿನ ಏಳನ್ನು ಎರಡನೆಯದಕ್ಕೆ ಹೀಗೆ ತುಂಬಿದರೆ ಒಂದು ತೊಟ್ಟಿಗೆ ಬಲಹೀನರು, ಕೊನೆಯದಕ್ಕೆ ಬಲಿಷ್ಠರು ಸೇರುತ್ತಾರೆ. ಒಂದೊಂದೇ ಮೀನನ್ನು ಸುತ್ತಿನಂತೆ ಎಲ್ಲ ತೊಟ್ಟಿಗಳಿಗೂ ಹಂಚಿ.

ನೀರನ್ನು ಬದಲಿಸದೆ ನಾಲ್ಕೂ ದಿನ ಇಡುವುದು ಸ್ಥಿರ ವಿಧಾನ. 24 ಗಂಟೆಗೊಮ್ಮೆ ಹೊಸ ದ್ರಾವಣಕ್ಕೆ ಮೀನನ್ನು ವರ್ಗಾಯಿಸುವುದು ಅರೆಸ್ಥಿರ ವಿಧಾನ. ನೀರಿನಲ್ಲಿ ಬೇಗ ಒಡೆಯುವ ಅಥವಾ ಅಂಟಿಕೊಳ್ಳುವ ಕೀಟನಾಶಕಗಳಿಗೆ ಅರೆಸ್ಥಿರ ವಿಧಾನವೇ ಸರಿ. ಗಾಳಿಯನ್ನು ಬಹಳ ಮೆಲ್ಲಗೆ ಹಾಯಿಸಬಹುದು, ಆದರೆ ಆವಿಯಾಗುವ ರಾಸಾಯನಿಕವಾದರೆ ಗಾಳಿಯೇ ಅದನ್ನು ಹೊರಗೊಯ್ಯುತ್ತದೆ.

ಹಂತ 7: ನೋಡುವುದು, ಬರೆಯುವುದು

24, 48, 72 ಮತ್ತು 96ನೇ ಗಂಟೆಗಳಲ್ಲಿ ಸಾವನ್ನು ದಾಖಲಿಸಲೇಬೇಕು. ಮೊದಲ ದಿನ ಮೀನು ಬಿಟ್ಟ ಕೆಲವೇ ಗಂಟೆಗಳಲ್ಲಿ, ನಂತರ ದಿನಕ್ಕೆ ಎರಡು ಬಾರಿ ಲಕ್ಷಣಗಳನ್ನು ನೋಡಿ ಬರೆಯಿರಿ. ಕಿವಿರು ಮುಚ್ಚಳದ ಚಲನೆ ನಿಂತು, ಬಾಲದ ಬುಡವನ್ನು ಗಾಜಿನ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಾಗಲೂ ಅಲುಗದ ಮೀನು ಸತ್ತಿದೆ. ಅದನ್ನು ತಕ್ಷಣ ತೆಗೆಯಿರಿ. ಬಿಟ್ಟರೆ ನೀರು ಕೊಳೆತು ಉಳಿದವೂ ಸಾಯುತ್ತವೆ.

ಸಾವಿಗಿಂತ ಮುಂಚಿನ ಲಕ್ಷಣಗಳು ಹೆಚ್ಚು ಹೇಳುತ್ತವೆ. ಕ್ಲೋರ್‌ಪೈರಿಫಾಸ್ ಮತ್ತು ಅದರ ಬಂಧುಗಳು ನರಸಂದೇಶವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಮೀನು ನಡುಗುತ್ತದೆ, ಸೆಟೆಯುತ್ತದೆ, ಕೆಲವೊಮ್ಮೆ ಬೆನ್ನು ಡೊಂಕಾಗುತ್ತದೆ. ಪೈರೆಥ್ರಾಯ್ಡ್‌ನಲ್ಲಿ ಮೊದಲು ಹುಚ್ಚು ಓಟ, ಗಾಜಿಗೆ ಡಿಕ್ಕಿ, ಬಳಿಕ ಒಂದು ಬದಿಗೆ ವಾಲಿ ಸುರುಳಿಯಾಗಿ ಈಜುವುದು. ತಾಮ್ರದಲ್ಲಿ ಕಿವಿರಿನ ಮೇಲೆ ಲೋಳೆ ಹೆಚ್ಚಿ, ಮೇಲ್ಮೈಗೆ ಬಂದು ಬಾಯಿ ಬಿಡುವುದು. ‘ಅಸಹಜ ವರ್ತನೆ’ ಎಂದು ಒಂದೇ ಮಾತಿನಲ್ಲಿ ಬರೆಯದೆ, ಎಷ್ಟು ಮೀನು, ಏನು, ಯಾವ ಗಂಟೆಗೆ ಎಂದು ಬರೆಯಿರಿ. ಬದುಕುವ ಭರವಸೆಯಿಲ್ಲದೆ ಮರಣಾಸನ್ನ ಸ್ಥಿತಿ ತಲುಪಿದ ಮೀನನ್ನು ಸಮಿತಿ ಒಪ್ಪಿದ ಅರಿವಳಿಕೆಯ ಅತಿಪ್ರಮಾಣದಿಂದ ಕೊನೆಗೊಳಿಸಬೇಕು. 2019ರ ಪರಿಷ್ಕರಣೆ ಈ ಲಕ್ಷಣಗಳ ದಾಖಲೆಗೆ ಒತ್ತು ಕೊಟ್ಟಿರುವುದು ಮುಂದೆ ಸಾವಿನವರೆಗೆ ಕಾಯುವ ಅಗತ್ಯ ತಪ್ಪಲಿ ಎಂಬ ಉದ್ದೇಶದಿಂದಲೇ.

ಪಿಎಚ್, ಆಮ್ಲಜನಕ, ತಾಪಮಾನ ಪ್ರತಿದಿನ. ರಾಸಾಯನಿಕದ ನಿಜವಾದ ಸಾಂದ್ರತೆಯನ್ನು ಉಪಕರಣದಿಂದ ಅಳೆಸುವುದು ದುಬಾರಿ, ಆದರೆ ಹಾಕಿದ್ದೂ ಇರುವುದೂ ಒಂದೇ ಅಲ್ಲ. ಅಳೆದ ಮೌಲ್ಯ ಹಾಕಿದ್ದರ ಶೇ 80ರಿಂದ 120ರೊಳಗೆ ಉಳಿಯದಿದ್ದರೆ ಲೆಕ್ಕವನ್ನು ಅಳೆದ ಮೌಲ್ಯದಿಂದಲೇ ಮಾಡಬೇಕು. ಅಳೆಯಲಾಗದಿದ್ದರೆ ‘ಹಾಕಿದ ಪ್ರಮಾಣದ ಆಧಾರದಲ್ಲಿ’ ಎಂದು ಸ್ಪಷ್ಟವಾಗಿ ಬರೆಯಿರಿ.

ಹಂತ 8: ಲೆಕ್ಕ

ಲೆಕ್ಕಕ್ಕೆ ಕೈಹಾಕುವ ಮೊದಲು ನಿಯಂತ್ರಣ ತೊಟ್ಟಿಯನ್ನು ನೋಡಿ. ಅಲ್ಲಿ ಶೇ 10ಕ್ಕಿಂತ ಹೆಚ್ಚು, ಹತ್ತಕ್ಕಿಂತ ಕಡಿಮೆ ಮೀನು ಇಟ್ಟಿದ್ದರೆ ಒಂದಕ್ಕಿಂತ ಹೆಚ್ಚು, ಸತ್ತಿದ್ದರೆ ಪರೀಕ್ಷೆ ಅಸಿಂಧು. ಸೂತ್ರ ಹಾಕಿ ಅದನ್ನು ಸರಿಪಡಿಸುವ ರೂಢಿ ಕೀಟಶಾಸ್ತ್ರದಿಂದ ಬಂದದ್ದು. ಇಲ್ಲಿ ಅದನ್ನು ಮುಸುಕಾಗಿ ಬಳಸಬೇಡಿ.

ಸಾಂದ್ರತೆಯ ಲಾಗರಿತಮ್ ಮತ್ತು ಸಾವಿನ ಪ್ರಮಾಣಗಳ ನಡುವೆ ಪ್ರೋಬಿಟ್ ವಿಧಾನದಿಂದ, ಅಂದರೆ ಸಾವಿನ ಶೇಕಡಾವಾರನ್ನು ನೇರ ರೇಖೆಗೆ ಬರುವಂತೆ ಮಾರ್ಪಡಿಸುವ ವಿಧಾನದಿಂದ, ರೇಖೆ ಎಳೆಯಬಹುದು. ಭಾಗಶಃ ಸಾವು ಕಾಣಿಸಿದ ಸಾಂದ್ರತೆಗಳು ಕನಿಷ್ಠ ಎರಡಾದರೂ ಇದ್ದಾಗ ಮಾತ್ರ ಅದಕ್ಕೆ ಅರ್ಥವಿದೆ. ಸ್ಪಿಯರ್‌ಮನ್–ಕಾರ್ಬರ್ ವಿಧಾನವನ್ನು ಕೈಯಲ್ಲೇ ಮಾಡಬಹುದು. ಕೇವಲ ಉದಾಹರಣೆಗಾಗಿ ಹೀಗೆಂದುಕೊಳ್ಳಿ: ಲೀಟರಿಗೆ 2 ಮಿಲಿಗ್ರಾಂನಲ್ಲಿ 7ರಲ್ಲಿ ಯಾವುದೂ ಸಾಯಲಿಲ್ಲ, 4ರಲ್ಲಿ 2, 8ರಲ್ಲಿ 5, 16ರಲ್ಲಿ ಏಳೂ ಸತ್ತವು. ಪಕ್ಕಪಕ್ಕದ ಎರಡು ಸಾಂದ್ರತೆಗಳ ಲಾಗ್‌ಗಳ ಸರಾಸರಿಯನ್ನು ಅವುಗಳ ನಡುವೆ ಹೆಚ್ಚಿದ ಸಾವಿನ ಭಿನ್ನರಾಶಿಯಿಂದ ಗುಣಿಸಿ ಕೂಡಿದರೆ 0.7526 ಬರುತ್ತದೆ, ಅದರ ಪ್ರತಿಲಾಗ್ ಸುಮಾರು 5.66. ಈಗ ಇನ್ನೊಂದು ಪರೀಕ್ಷೆಯಲ್ಲಿ 4ರಲ್ಲಿ ಒಂದೂ ಸಾಯದೆ 8ರಲ್ಲಿ ಏಳೂ ಸತ್ತವು ಎನ್ನಿ. ಆಗ ಎರಡರ ಗುಣೋತ್ತರ ಸರಾಸರಿಯನ್ನೇ, ಅಂದರೆ 32ರ ವರ್ಗಮೂಲವನ್ನೇ, ಎಲ್‌ಸಿ50 ಎನ್ನಬೇಕಾಗುತ್ತದೆ, ಅದೂ 5.66. ಸಂಖ್ಯೆ ಒಂದೇ ಆದರೂ ಎರಡನೆಯ ರಾಸಾಯನಿಕದಲ್ಲಿ ಬದುಕಿಗೂ ಸಾವಿಗೂ ಅಂತರ ಎರಡುಪಟ್ಟು ಮಾತ್ರ. ಆದ್ದರಿಂದ ವಿಶ್ವಾಸ ಮಿತಿಗಳನ್ನೂ (ನಿಜವಾದ ಎಲ್‌ಸಿ50 ಇರಬಹುದಾದ ಮೇಲಿನ, ಕೆಳಗಿನ ಎಲ್ಲೆಗಳನ್ನೂ) ಪ್ರತಿ ತೊಟ್ಟಿಯ ಸಾವಿನ ಎಣಿಕೆಯನ್ನೂ ಸೇರಿಸಿಯೇ ಕೊಡಿ.

ರಾಸಾಯನಿಕಗಳ ಅಪಾಯವನ್ನು ವಿಂಗಡಿಸುವ ಜಾಗತಿಕ ವರ್ಗೀಕರಣ ಪದ್ಧತಿಯಲ್ಲಿ 96 ಗಂಟೆಗಳ ಎಲ್‌ಸಿ50 ಲೀಟರಿಗೆ 1 ಮಿಲಿಗ್ರಾಂ ಅಥವಾ ಕಡಿಮೆಯಿದ್ದರೆ ಮೊದಲ ವರ್ಗ, 1ರಿಂದ 10ರವರೆಗೆ ಎರಡನೆಯದು, 10ರಿಂದ 100ರವರೆಗೆ ಮೂರನೆಯದು. ನಮ್ಮ ಉದಾಹರಣೆ ಎರಡನೆಯ ವರ್ಗಕ್ಕೆ ಬರುತ್ತದೆ. ಆದರೆ 5.66 ಸಾಯಿಸುತ್ತದೆಯಾದ್ದರಿಂದ 5 ಸುರಕ್ಷಿತ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಲ್‌ಸಿ50ಯಲ್ಲಿ ಅರ್ಧ ಮೀನು ಸತ್ತಿರುತ್ತದೆ. ಬೆಳವಣಿಗೆ, ಮೊಟ್ಟೆ, ಸಂತಾನದ ಮೇಲಿನ ಪರಿಣಾಮ ಅದಕ್ಕಿಂತ ಬಹಳ ಕೆಳಗೇ ಆರಂಭವಾಗಬಹುದು, ಅದನ್ನು ಈ ಪರೀಕ್ಷೆ ನೋಡುವುದೇ ಇಲ್ಲ.

ಹಂತ 9: ಉಳಿದ ದ್ರಾವಣ ಮತ್ತು ಮೀನು

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬಾರದು. ಕಾಲೇಜಿನ ಹಿಂದಿನ ಚರಂಡಿ ಕೊನೆಗೆ ಸೇರುವುದು ಯಾವುದೋ ಕೆರೆಯನ್ನೇ. ಮುಚ್ಚಳವಿರುವ ಕ್ಯಾನುಗಳಲ್ಲಿ ಹೆಸರು, ಸಾಂದ್ರತೆ, ದಿನಾಂಕ ಬರೆದು ಸಂಗ್ರಹಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆಗೆ ಒಪ್ಪಿಸಿ. ಸತ್ತ ಮೀನು ಜೈವಿಕ ತ್ಯಾಜ್ಯದ ದಾರಿಯಲ್ಲಿ ಹೋಗಬೇಕು, ನಾಯಿ ಬೆಕ್ಕುಗಳಿಗೆ ಸಿಗುವಂತೆ ಎಸೆಯಬಾರದು. ನಿಯಂತ್ರಣ ತೊಟ್ಟಿಯ ಬದುಕಿದ ಮೀನನ್ನೂ ಕೆರೆಗೆ ಬಿಡುವಂತಿಲ್ಲ. ಅವುಗಳ ಮುಂದಿನ ವ್ಯವಸ್ಥೆಯನ್ನು ಸಮಿತಿಯ ಅರ್ಜಿಯಲ್ಲೇ ಬರೆದಿರಬೇಕು. ತೊಟ್ಟಿಗಳನ್ನು ತೊಳೆದ ಮೊದಲ ನೀರೂ ಅದೇ ಕ್ಯಾನಿಗೆ ಸೇರಲಿ, ಮತ್ತು ಪೈರೆಥ್ರಾಯ್ಡ್ ಬಳಸಿದ ತೊಟ್ಟಿಗೆ ಕೊನೆಯಲ್ಲಿ ಅಸಿಟೋನ್ ತೊಳೆತ ಬೇಕೇ ಬೇಕು, ಇಲ್ಲದಿದ್ದರೆ ಮುಂದಿನ ಪರೀಕ್ಷೆಯ ನಿಯಂತ್ರಣ ಮೀನುಗಳು ಅದರ ಉಳಿಕೆಯಿಂದಲೇ ಸಾಯುತ್ತವೆ.